ಎದೆಯುಬ್ಬಿಸಿ ಕೇಳುವ ಕಾಕಾ

ನಮ್ಮ ಕಾಕಾ ಕಿವುಡರಲ್ಲ, ಕಪ್ಪೆ! ನಾನು ಹೇಳಿದ್ದಲ್ಲ ಸ್ವಾಮಿ, ಅವರೇ ಹೇಳಿಕೊಳ್ಳುತ್ತಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಅವರು ಅಲಖನೂರಿನ ಕಬ್ಬಿನ ಹೊಲದಲ್ಲೇ ಮನೆ ಮಾಡಿಕೊಂಡಿದ್ದರು. ಕಿವಿ ವರ್ಷದಿಂದ ವರ್ಷಕ್ಕೆ ಮಂದವಾಗುತ್ತಿತ್ತು. ಒಪ್ಪಿಕೊಳ್ಳಬೇಕಲ್ಲ?

ಶಾಲೆಯ ಸೂಟಿಗೆ ಹೋದಾಗಲೆಲ್ಲ ನನ್ನನ್ನು ಬಾವಿಯ ದಂಡೆಯ ಮೇಲೆ ಕೂರಿಸಿಕೊಂಡು ಪಾಠ ಶುರು ಮಾಡುತ್ತಿದ್ದರು. ಆ ಸಂಜೆಗಳು ಈಗಲೂ ನೆನಪಾಗುತ್ತವೆ.

"ಕಣ್ಣಿನ ಹಿಂದ ಗುಂಡಗ ಬಿಲ್ಲಿಯಂಗ ಕಾಣ್ತೈತಲ್ಲ ತಮ್ಮಾ, ಅದ ಕಪ್ಪಿ ಕಿವಿ. ಪುಪ್ಪುಸದಾಗ ಗಾಳಿ ತುಂಬಿಕೊಂಡ್ರ ಕೆಲವು ಕಪ್ಪಿಗೆ ಬ್ಯಾರೆಯವರ ಗದ್ದಲ ಕಮ್ಮಿ ಕೇಳತೈತಿ. ತನ್ನವರ ದನಿ ಅಷ್ಟ ಚಲೋ ಕೇಳತೈತಿ."

ಪಾಠ ಮಾಡಿ ಬಿಟ್ಟಿದ್ದರೆ ಸರಿಯಿತ್ತು. ತಾವೂ ಅದೇ ಉಪಾಯ ಹೂಡಿದರು! ಯಾರಾದರೂ ಬಾಯಿ ತೆರೆದರೆ ಸಾಕು, ಎದೆಯುಬ್ಬಿಸಿ ಉಸಿರು ಹಿಡಿದು ಕೂರುತ್ತಿದ್ದರು.

ಐನಾಪುರಕ್ಕೆ ನನಗೆ ಕನ್ಯೆ ನೋಡಲು ಹೋದಾಗಲೂ ಅಷ್ಟೇ. ಹುಡುಗಿಯ ತಂದೆ ಮಾತು ತೆಗೆಯುತ್ತಲೇ ಕಾಕಾ ಉಬ್ಬಿದರು. ಆ ಮನುಷ್ಯ ಗಾಬರಿಯಾಗಿ, "ಮಾಸ್ತರಿಗೆ ಸಿಟ್ಟ ಬಂದೈತಿ, ಇನ್ನೊಂದ ಪ್ಲೇಟ ಶಿರಾ ತರ್ರಿ" ಎಂದು ಒಳಗೆ ಹೇಳಿದರು. ಕಾಕಾನಿಗೆ ಮಾತು ಕೇಳಲಿಲ್ಲ, ಶಿರಾ ಮಾತ್ರ ಕಂಡಿತು. ಮೂರು ಪ್ಲೇಟು ಮುಗಿಯುವುದರೊಳಗೆ ನನ್ನ ಮದುವೆ ಗಟ್ಟಿಯಾಗಿತ್ತು.

ಕೊನೆಗೆ ಹಾರೂಗೇರಿಯ ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಡಾಕ್ಟರು ಬೆನ್ನ ಹಿಂದೆ ನಿಂತು ಗಂಟೆ ಬಾರಿಸಿದರು, ಚಪ್ಪಾಳೆ ತಟ್ಟಿದರು. ಕಾಕಾ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಅಷ್ಟರಲ್ಲಿ ಹೊರಗಿನ ಬೆಂಚಿನಲ್ಲಿ ಕುಳಿತಿದ್ದ ಕಾಕಾನ ಹೆಂಡತಿ, ನಮ್ಮ ಕಾಕು, ಮೆಲ್ಲಗೆ ಕೆಮ್ಮಿದರು.

ಕಾಕಾ ತಟ್ಟನೆ ಬಾಗಿಲತ್ತ ತಿರುಗಿ, "ಕೆಮ್ಮ ಇನ್ನೂ ಹೋಗಿಲ್ಲೇನ?" ಎಂದು ಕೇಳಿದರು.

ಡಾಕ್ಟರು ನನ್ನ ಮುಖ ನೋಡಿದರು. ನಾನು ಫ್ಯಾನು ನೋಡಿದೆ.

"ಕಿವಿ ಮಷೀನ ಬ್ಯಾಡ್ರಿ ಸಾಹೇಬ್ರ," ಎಂದು ಕಾಕಾ ಎದ್ದರು. "ನನಗ ಬೇಕಾದ್ದು ಕೇಳತೈತಿ."

ಹೋದ ವರ್ಷ ಕಾಕುಗೆ ಲಕ್ವಾ ಹೊಡೆಯಿತು. ಜೀವ ಉಳಿಯಿತು, ದನಿ ಮಾತ್ರ ಪಿಸುಗುಟ್ಟುವಷ್ಟಕ್ಕೆ ಇಳಿಯಿತು. ಕಾಕಾ ಎದೆ ಎಷ್ಟು ಉಬ್ಬಿಸಿದರೂ ಕೇಳಲಿಲ್ಲ. ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಯಾರಿಗೂ ಹೇಳದೆ ಹಾರೂಗೇರಿ ಬಸ್ಸು ಹತ್ತಿ, ಎರಡೂ ಕಿವಿಗೆ ಮಷೀನು ಹಾಕಿಸಿಕೊಂಡು ಬಂದರು.

"ಕಪ್ಪಿ ಕಥಿ ಏನಾತ್ರಿ ಕಾಕಾ?" ಎಂದು ಕೆಣಕಿದೆ.

"ಅಕಿ ದನಿ ಸಣ್ಣಾಗೇತಿ ತಮ್ಮಾ. ನನ್ನ ಕಿವಿಯಾದ್ರೂ ದೊಡ್ಡದು ಮಾಡ್ಕೋಬೇಕಲ್ಲ."



ಈ ಸಲ ಮೊದಲ ಮಳೆ ಬಿದ್ದ ಸಂಜೆ ಮತ್ತೆ ಹೋಗಿದ್ದೆ. ಬಾವಿಯ ತುಂಬ ಕಪ್ಪೆ, ನನ್ನ ಮಾತು ನನಗೇ ಕೇಳದಷ್ಟು ಗದ್ದಲ. "ಆರಾಮ ಅದೀರೇನ್ರಿ ಕಾಕಾ" ಎಂದು ಬಾಗಿಲಿನಿಂದಲೇ ಕೂಗಿದೆ. ಮಂಚದ ಪಕ್ಕ ಕುಳಿತಿದ್ದ ಅವರು ನನ್ನತ್ತ ತಿರುಗಲಿಲ್ಲ. ಮಷೀನು ಇದ್ದರೂ ಎದೆಯುಬ್ಬಿಸಿ, ಉಸಿರು ಹಿಡಿದು, ಕಾಕುವಿನ ತುಟಿಗೆ ಕಿವಿ ಕೊಟ್ಟಿದ್ದರು. ನನಗೆ ಸುಮ್ಮನಿರಲು ಕೈಸನ್ನೆ ಮಾಡಿದರು. ಆಮೇಲೆ ಉಸಿರು ಬಿಟ್ಟು ನಕ್ಕರು.

"ಉಂಡ ಹೋಗ ಅನ್ನಾಕತ್ತಾಳ ನಿನಗ."

ನನಗೆ ಕಪ್ಪೆಗಳಷ್ಟೇ ಕೇಳಿಸುತ್ತಿದ್ದವು.