ಹನ್ನೆರಡು ವರ್ಷದ ಗೂಡುಗಳೂ ಬಾರದ ಲೈಬ್ರರಿಯೂ

ಜೂನ್ 8, ಭಾನುವಾರ, ಬೆಳಿಗ್ಗೆ 10.20. ಮದ್ದೂರಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ಕಾರ್ಯಾರಂಭ. ಹತ್ತು ನಿಮಿಷದ ಕೆಲಸ ಎಂದು ಡೈರಿಯಲ್ಲಿ ಬರೆದುಕೊಂಡೆ. ಪೆನ್ನಿನಲ್ಲಿ!

ಕೊಕ್ಕರೆ ಬೆಳ್ಳೂರಿನಿಂದ ಸೋದರತ್ತೆ ಬಂದಿದ್ದರು. ಅವರ ಹಿತ್ತಲ ಹುಣಸೆಮರದಲ್ಲಿ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಕೊಕ್ಕರೆ ಬರುವುದು ಕಡಿಮೆಯಾಗಿದೆ, ಮರ ಕಡಿಸೋಣ ಎಂದು ಅವರ ಮೈದುನ ಹಟ ಹಿಡಿದಿದ್ದರು. ಅತ್ತೆ ಹನ್ನೆರಡು ವರ್ಷದ ಗೂಡುಗಳ ಲೆಕ್ಕವನ್ನು ಕ್ಯಾಲೆಂಡರ್ ಹಾಳೆಗಳ ಹಿಂದೆ ಬರೆದಿಟ್ಟಿದ್ದರು. ಕಡಿಮೆಯಾಗಿಲ್ಲವೆಂದು ಒಂದು ಗ್ರಾಫ್ ಬರೆದುಕೊಟ್ಟರೆ ಮರ ಉಳಿದೀತು. ಅವರು ಮಧ್ಯಾಹ್ನ ಒಂದು ಗಂಟೆಯ ಬಸ್ಸಿಗೆ ಹೊರಡಬೇಕು.

ಕಂಪ್ಯೂಟರಿನಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಶೆಲ್ ತೆರೆದೆ. ನಾವು ಒಂದು ಸಾಲು ಬರೆದರೆ ಅದು ಕೂಡಲೇ ಉತ್ತರಿಸುತ್ತದೆ. ಮುಚ್ಚಿದರೆ ಎಲ್ಲವನ್ನೂ ಮರೆಯುತ್ತದೆ. ಈ ಎರಡನೆಯ ಸಂಗತಿ ನನಗೆ ಆಮೇಲೆ ತಿಳಿಯಿತು. ಅತ್ತೆ ಓದಿದರು, ಹನ್ನೆರಡೂ ಸಂಖ್ಯೆ ಒತ್ತಿದೆ. ಗ್ರಾಫ್ ಬರೆಯುವ ಲೈಬ್ರರಿಯನ್ನು, ಅಂದರೆ ಯಾರೋ ಬರೆದಿಟ್ಟ ಸಿದ್ಧ ಕೋಡಿನ ಕಂತೆಯನ್ನು, ಕರೆದೆ. ಅಂಥದ್ದಿಲ್ಲ ಎಂದಿತು. ಹಾಗಾದರೆ ಇನ್‌ಸ್ಟಾಲ್ ಮಾಡು ಎಂದು ಅಲ್ಲೇ ಬರೆದೆ. ನಿನ್ನ ವಾಕ್ಯವೇ ತಪ್ಪು ಎಂದಿತು! ಆ ಕೆಲಸ ಶೆಲ್‌ನ ಹೊರಗೆ ಮಾಡಬೇಕಂತೆ. ಶಿಸ್ತಾಗಿ ಶೆಲ್ ಮುಚ್ಚಿ, ಇನ್‌ಸ್ಟಾಲ್ ಮಾಡಿ, ಮತ್ತೆ ತೆರೆದೆ. ಸಂಖ್ಯೆಗಳು ಮಾಯ.

"ಅತ್ತೆ, ಇನ್ನೊಂದ್ಸಲ ಯೋಳು."

"ಯಾಕವ್ವ, ನುಂಗ್ಬುಡ್ತಾ ಅದು?"

11.25. ಹನ್ನೆರಡನ್ನೂ ಒತ್ತಿ ಲೈಬ್ರರಿ ಕರೆದೆ. ಇಲ್ಲ! ಕಂಪ್ಯೂಟರಿನಲ್ಲಿ ಎರಡು ಪೈಥಾನ್ ಇದ್ದವು. ನಾನು ಒಂದಕ್ಕೆ ಬಡಿಸಿ, ಇನ್ನೊಂದನ್ನು ಊಟವಾಯಿತಾ ಎಂದು ಕೇಳುತ್ತಿದ್ದೆ. ಮತ್ತೆ ಮುಚ್ಚಿ, ಆ ಇನ್ನೊಂದಕ್ಕೂ ಬಡಿಸಿದೆ. ಮತ್ತೆ ಮಾಯ.

12.20. ಈ ಸಲ ಮೊದಲು ಲೈಬ್ರರಿ ಕರೆದೆ. ಬಂತು! ಅಷ್ಟರಲ್ಲಿ ಅತ್ತೆ ಹಾಳೆ ನೋಡುವುದನ್ನೇ ಬಿಟ್ಟಿದ್ದರು.

"ಇಪ್ಪತ್ತಾರು ಗೂಡು. ಆ ವರ್ಸ ಕೊಂಬೆ ಮುರ್ಕೊಂಡು ಬಿತ್ತು ಕಣವ್ವ. ಎಲ್ಡು ಮರೀನ ಮೊರದಲ್ಲಿಟ್ಟು ನಾನೇ ಮೀನು ತಿನ್ನುಸ್ದೆ."

"ನಂಬರ್ ಮಾತ್ರ ಸಾಕತ್ತೆ."

"ಅದ್ನೂ ಬರ್ಕೊ. ಮಿಸಿನ್ಗೂ ಗೊತ್ತಾಗ್ಲಿ."

ಹೀಗೆ ವರ್ಷಕ್ಕೊಂದು ಕಥೆಯಾಗಿ ಏಳನೆಯ ವರ್ಷ ಮುಗಿಯುವಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ನನ್ನ ಮುಖ ನೋಡಿ ಅತ್ತೆ ತಲೆ ಸವರಿದರು.

"ಅಳ್ಬ್ಯಾಡ ಬುಡು ಮಗ. ಮೂರು ಸಲ ಯೋಳಿ ಯೋಳಿ ಬಾಯಿಗೇ ಬಂದ್ಬುಟ್ಟದೆ. ನಾನೇ ಯೋಳ್ತೀನಿ."

ಸಂಜೆ 7.15ಕ್ಕೆ ಫೋನ್ ಬಂತು. ಮೈದುನನನ್ನು ಜಗುಲಿಯಲ್ಲಿ ಕೂರಿಸಿ ಮೊದಲ ವರ್ಷದಿಂದ, ಕಥೆಗಳ ಸಮೇತ ಶುರು ಮಾಡಿದರಂತೆ.

"ಐದ್ನೇ ವರ್ಸುಕ್ಕೇ ಕೈ ಮುಗ್ದ ಕಣವ್ವ! ಮರ ಅಂಗೇ ಇರ್ಲಿ, ನೀನು ಸುಮ್ಕಿರತ್ಗೆ ಅಂದ."

ದಿನದ ಲೆಕ್ಕ: ಶೆಲ್ ತೆರೆದದ್ದು ಮೂರು ಸಲ, ಅತ್ತೆ ಹೇಳಿದ ಸಂಖ್ಯೆ ಮೂವತ್ತೊಂದು, ಗ್ರಾಫ್ ಸೊನ್ನೆ. ಮರ ಉಳಿಸಿದ್ದರಲ್ಲಿ ನನ್ನ ಪಾಲೆಂದರೆ, ನನಗೆ ಕಂಪ್ಯೂಟರ್ ಬಾರದಿರುವುದು.

ತೆರೆದ ಶೆಲ್ ಮುಚ್ಚದೆ, ಪರದೆಯ ಇನ್ನೊಂದು ಕಿಟಕಿಯಲ್ಲಿ ಲೈಬ್ರರಿ ತರಿಸಿಕೊಂಡು ಒಳಗೆ ಕರೆಯಬಹುದಿತ್ತೇ? ತಿಳಿದವರು ದಯವಿಟ್ಟು ನನಗೆ ಬರೆಯಿರಿ. ಕರೆಯಬಹುದಿತ್ತು ಎಂದಾದರೆ, ಅತ್ತೆಗೆ ಮಾತ್ರ ಹೇಳಬೇಡಿ.