ಬೀಗರ ಮುಷ್ಟಿಯಲ್ಲಿ ಉಳಿದ ಸಕ್ಕರೆ

ದವಾಖಾನೆಯ ಗುಟ್ಟು ದವಾಖಾನೆಯಲ್ಲಿ ನಿಲ್ಲುವುದಿಲ್ಲ ಎಂದು ನನಗೆ ಮೊದಲು ಹೇಳಿದವರು ಝಳಕಿಯ ನಮ್ಮ ಸೋದರಮಾವ. ಅವರಿಗೆ ಕಿವಿ ಮಂದ. ಅವರದೇ ಕತೆ ಮೊದಲು.

೧

ಮಾವ ಇಂಡಿಯಲ್ಲಿ ದವಾಖಾನೆಗೆ ಹೋಗಿದ್ದರು. ಡಾಕ್ಟರು ಬಾಗಿಲು ಮುಚ್ಚಿ ಮೆಲ್ಲಗೆ, "ಮೂಲವ್ಯಾಧಿ ಐತ್ರಿ. ಹೆದರಬ್ಯಾಡ್ರಿ, ಯಾರಿಗೂ ಗೊತ್ತಾಗೂದಿಲ್ಲ" ಎಂದರು.

"ಆಂ? ಏನಂದ್ರಿ?"

ಡಾಕ್ಟರು ದನಿ ಏರಿಸಿದರು. ಮೂರನೆಯ ಸಲಕ್ಕೆ ಹೊರಗೆ ಬೆಂಚಿನ ಮೇಲಿದ್ದ ಮುದುಕಿ ಕೂಗಿದಳಂತೆ: "ಮೂಲವ್ಯಾಧಿ ಅಂತ ನೋಡೋ ಯಪ್ಪಾ! ನಮಗೆಲ್ಲಾ ಕೇಳಿಸ್ತು, ನಿನಗೊಬ್ಬಗ ಕೇಳವಲ್ದು!"

೨

ಇದನ್ನು ಕೇಳಿದ್ದರಿಂದಲೇ, ನನಗೆ ಕಾಲು ಜೋಮು ಹಿಡಿಯತೊಡಗಿದಾಗ, ಗುರುತಿನವರಿಲ್ಲದ ಮುದ್ದೇಬಿಹಾಳಕ್ಕೆ ಹೋದೆ. ಡಾಕ್ಟರು ರಕ್ತ ತಪಾಸಣೆ ಮಾಡಿ ಸಕ್ಕರೆ ಬೇನೆ ಎಂದರು. ಮಗಳಿಗೆ ಬಸವನ ಬಾಗೇವಾಡಿಯ ಸಂಬಂಧ ಕೂಡಿಬರುತ್ತಿತ್ತು. ತಂದೆಗೆ ಇದ್ದದ್ದು ಮಗಳಿಗೂ ಬಂದೀತೆಂದು ಅವರು ಹಿಂದೆ ಸರಿದರೆ?

"ಸಾಹೇಬ್ರ, ಚೀಟ್ಯಾಗ ಬರೇ ನಿಶ್ಶಕ್ತಿ ಅಂತ ಬರೀರಿ."

"ಸುಳ್ಳು ಬರಿಯೂದಿಲ್ರಿ. ಖರೇನ ಬರೀತೇನಿ, ಯಾರಿಗೂ ಹೇಳೂದಿಲ್ಲ."

ಆ ಸಮಾಧಾನದಲ್ಲಿ, ಈ ಡಾಕ್ಟರು ಎಂಥಾ ಗುಟ್ಟೂ ಬಿಡುವುದಿಲ್ಲವೆಂದು ಬಸ್ಸಿನಲ್ಲಿ ಪಕ್ಕದವರ ಮುಂದೆ ಹೊಗಳಿದೆ. "ಹೌದ್ರಿ? ನಿಮ್ಮದ್ಯಾವ ಗುಟ್ಟುರಿ?" ಎಂದರು. ಮುಂದಿನ ನಿಲ್ದಾಣದಲ್ಲೇ ಇಳಿದುಬಿಟ್ಟೆ. ನಮ್ಮೂರು ಇನ್ನೂ ಬಹಳ ದೂರ ಇತ್ತು.

೩

ನಮ್ಮ ಮನೆಯಲ್ಲಿ ಮಗಳ ಸಂಬಂಧ ಗೊತ್ತುಮಾಡಿ ಸಕ್ಕರೆ ಹಂಚುವ ದಿನ ಬಂತು. ಇಬ್ಬರು ಬೀಗರು ಒಬ್ಬರ ಕೈಯ ಸಕ್ಕರೆ ಒಬ್ಬರು ತಿಂದರೇ ಸಂಬಂಧ ಗಟ್ಟಿ. ಬಾಗೇವಾಡಿಯ ಬೀಗರು ಕೊಟ್ಟರು, ನಾನೂ ಕೊಟ್ಟೆ. ಬಾಯಿಗೆ ಹಾಕಲು ನನಗೆ ಧೈರ್ಯ ಸಾಲಲಿಲ್ಲ. ಓರೆಗಣ್ಣಿನಿಂದ ನೋಡಿದರೆ ಅವರೂ ಮುಷ್ಟಿ ಬಿಗಿಹಿಡಿದು ಕೂತಿದ್ದಾರೆ! ನನ್ನ ಗುಟ್ಟು ತಿಳಿಯಿತೇನೊ, ಮನಸ್ಸು ಮುರಿಯಿತೇನೊ.

"ಇಬ್ಬರೂ ಸಕ್ಕರಿ ತಿನ್ನವಲ್ರಿ. ಒಪ್ಪಿಗಿ ಇಲ್ಲೇನ್ರಿ?" ಎಂದು ಬೀಗರ ತಾಯಿ ಕೇಳಿದರು. ಬಾಗಿಲ ಮರೆಯಲ್ಲಿ ಮಗಳ ಮುಖ ಬಿಳಿಚಿತು.

ದೇವರ ಜಗುಲಿ ಎದುರಿಗೇ ಇತ್ತು. ಸುಳ್ಳು ನಾಲಿಗೆಗೆ ಬರಲಿಲ್ಲ. "ನನಗ ಸಕ್ಕರಿ ಬ್ಯಾನಿ ಐತ್ರಿ ಬೀಗರ. ಮುಚ್ಚಿಟ್ಟಿದ್ದೆ, ತಪ್ಪಾತು."

ಬೀಗರು ಮುಷ್ಟಿ ಬಿಚ್ಚಿದರು. "ನನಗೂ ಐತ್ರಿ! ನೀವು ಹಿಂದ ಸರೀತೀರಂತ ನಾನೂ ಬಾಯಿ ಬಿಟ್ಟಿದ್ದಿಲ್ಲ."

ಅವರ ತಾಯಿ ಹಣೆ ಬಡಿದುಕೊಂಡರು: "ಎಲಾ ಇವ್ರ! ನಾವು ಹಂಚೂಕಿಂತ ಮೊದಲ ಇಬ್ಬರೂ ಸಕ್ಕರಿ ಹಂಚಿಕೊಂಡು ಕುಂತಾರಲ್ಲ!"

ಸಂಬಂಧ ನೋಡುವವರು ಯಾರಾದರೂ ಸಿಕ್ಕರೆ ಇದನ್ನು ಅವರಿಗೆ ಮುಟ್ಟಿಸಿರಿ. ಬೀಗರ ಒಪ್ಪಿಗೆ ಕೇಳಿಯೇ ಬರೆದಿದ್ದೇನೆ.