ರೊಟ್ಟಿ ಡಬ್ಬಿಯ ನಿರ್ಣಾಯಕ ಕಾಳಗ

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಮೊನ್ನೆ ಮೊನ್ನೆಯವರೆಗೂ ಒಂದು ಅಂತರ್ಯುದ್ಧ ನಡೆಯುತ್ತಿತ್ತು ಎಂದರೆ ನೀವು ನಂಬುವುದಿಲ್ಲ. ನಮ್ಮ ಕಾಕಾನನ್ನು ಕೇಳಿ, ನಕಾಶೆ ಸಮೇತ ವಿವರಿಸುತ್ತಾರೆ! ಇತಿಹಾಸದ ಮಾಸ್ತರಾಗಿ ನಿವೃತ್ತರಾದವರು. ಶಾಲೆ ಬಿಟ್ಟರೂ ಪಾಠ ಬಿಟ್ಟಿಲ್ಲ.

ಒಮ್ಮೆ ಊಟಕ್ಕೆ ಕೂತಾಗ ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ, ತುದಿಯಲ್ಲಿ ಮಡಕಿಕಾಳು, ಬುಡದಲ್ಲಿ ಶೇಂಗಾ ಚಟ್ನಿ ಸುರಿದು ಅಮೆರಿಕದ ಅಂತರ್ಯುದ್ಧ ಶುರುಮಾಡಿದರು.

"ಇದು ಗುಡ್ಡ. ಮ್ಯಾಲೆ ಉತ್ತರದವರು. ದಕ್ಷಿಣದವರು ಕೆಳಗಿಂದ ಏರಿ ಬಂದ್ರು, ಸೋತ್ರು. ಯುದ್ಧ ಮುಂದ ಭಾಳ ದಿನಾ ನಡೀತು ಖರೇ, ಆದ್ರ ಗಾಳಿ ತಿರುಗಿದ್ದು ಇಲ್ಲೇ! ಅಂತರ್ಯುದ್ಧ ಅಂದಮ್ಯಾಲೆ ಇಂಥಾದ್ದೊಂದು ಕಾಳಗ ಇರಾಕಬೇಕು. ತಿಳೀತಿಲ್ಲೋ?"

"ತಿಳೀತ್ರಿ. ನಿಮ್ಮ ಗುಡ್ಡ ಆರಾಕತ್ತೈತಿ, ಲಗೂ ಉಣ್ರಿ," ಎಂದರು ಕಾಕಾನ ಹೆಂಡತಿ, ನಮ್ಮ ಚಿಗವ್ವ.

ಕಾಕಾನ ಸ್ವಂತ ಅಂತರ್ಯುದ್ಧ ಇದ್ದದ್ದು ಗೋಡೆಯಾಚೆ, ಅಣ್ಣನ ಜೊತೆ. ಅಂದರೆ ನನ್ನ ದೊಡ್ಡಪ್ಪನ ಜೊತೆ. ಮನೆ ಪಾಲಾದಾಗ ನಳ ದೊಡ್ಡಪ್ಪನ ಕಡೆಗೆ ಹೋಯಿತು, ಮಾತು ನಿಂತಿತು. ಇಷ್ಟಕ್ಕೇನಾ ಅಂದಿರಾ? ನೀವು ಹುಬ್ಬಳ್ಳಿಯಲ್ಲಿ ನಳದ ನೀರಿಗೆ ಕಾದವರಲ್ಲ ಬಿಡಿ! ನಮ್ಮಪ್ಪ ದೇಶಪಾಂಡೆ ನಗರದಲ್ಲಿ ಬೇರೆ ಮನೆ ಮಾಡಿದ್ದರಿಂದ ನಾವು ಮಾತ್ರ ತಟಸ್ಥ ರಾಷ್ಟ್ರ.

ಹೋದ ವರ್ಷ ದೊಡ್ಡಪ್ಪ ಎದೆನೋವೆಂದು ಆಸ್ಪತ್ರೆ ಸೇರಿ, ಹೇಗೋ ಉಳಿದು ಬಂದರು. ಆಮೇಲೆ ಕಾಕಾನಿಗೆ ನಕಾಶೆಗಳೇ ರುಚಿಸಲಿಲ್ಲ. "ಈ ಯುದ್ಧ ಮುಗಿಯೂದರೊಳಗ ನಮ್ಮಿಬ್ಬರಾಗ ಒಬ್ಬರು ಮುಗದ್ರ ಹ್ಯಾಂಗವಾ?" ಎಂದು ನನ್ನನ್ನು ಕೇಳಿದರು. ಅವತ್ತು ನನಗೆ ನಗು ಬರಲಿಲ್ಲ.

ರಾಜಿಯ ಮೊದಲ ಕಾರ್ಯಾಚರಣೆಯಾಗಿ ಕಾಕಾ ಶಾಂತಿಯ ಬಾವುಟವೆಂದು ತಮ್ಮ ಬಿಳಿ ಧೋತರವನ್ನೇ ಗೋಡೆಯ ಮೇಲೆ ಹರವಿದರು. ಆಚೆಯಿಂದ ದೊಡ್ಡವ್ವನ ಧ್ವನಿ ಕೇಳಿಸಿತು: "ಧೋತರಾ ಒಣಗಸಾಕೂ ನಮ್ಮ ಗ್ವಾಡೀನ ಬೇಕಾತೇನು?" ಬಾವುಟ ಮುದ್ದೆಯಾಗಿ ಹಾರಿಬಂದು ಚಿಗವ್ವನ ಹಪ್ಪಳದ ಮೇಲೆ ಬಿತ್ತು. ಈಗ ಒಳಗೂ ಒಂದು ಯುದ್ಧ ಶುರು!

ಅಷ್ಟರಲ್ಲಿ ರೊಟ್ಟಿ ಪಂಚಮಿ ಬಂತು. ನಾಗರ ಪಂಚಮಿಯ ಹಿಂದಿನ ದಿನ ನಮ್ಮ ಕಡೆ ಮನೆಮನೆಗೆ ರೊಟ್ಟಿ, ಪಲ್ಯ ಹಂಚುತ್ತಾರೆ. ಬಂದ ರೊಟ್ಟಿಯನ್ನು ಯಾರೂ ಒಲ್ಲೆ ಎನ್ನುವಂತಿಲ್ಲ. ಡಬ್ಬಿಯನ್ನು ಖಾಲಿ ತಿರುಗಿಸುವಂತೆಯೂ ಇಲ್ಲ.

"ಸಿಕ್ಕರು ನೋಡು!" ಎಂದು ಕಾಕಾ ತೊಡೆ ತಟ್ಟಿದರು. "ಬ್ಯಾಡ ಅನ್ನಂಗಿಲ್ಲ, ಖಾಲಿ ಕಳಸಂಗಿಲ್ಲ. ಇದ ಆ ಗಾಳಿ ತಿರುಗೋ ಕಾಳಗ!"

ಸಜ್ಜಿ ರೊಟ್ಟಿ, ಎಣಗಾಯಿ ಪಲ್ಯ ತುಂಬಿದ ಡಬ್ಬಿ ಹಿಡಿದು ರಾಯಭಾರಿಯಾಗಿ ಹೋದದ್ದು ನಾನೇ. ದೊಡ್ಡವ್ವ ಮುಖ ಗಂಟಿಕ್ಕಿಕೊಂಡೇ ಒಳಗಿಟ್ಟುಕೊಂಡರು. ಸಂಜೆಯಾದರೂ ಡಬ್ಬಿ ಬರಲಿಲ್ಲ. ಕಾಕಾ ಪಡಸಾಲೆಯಲ್ಲಿ ಸೇನಾಪತಿಯ ಹಾಗೆ ಶತಪಥ ಹಾಕಿದರು.

"ನನ್ನ ತವರುಮನಿ ಡಬ್ಬಿ ಹೋತಲ್ರೀ!" ಎಂದು ಚಿಗವ್ವ ಒಂದೇ ಸಮನೆ ಗೊಣಗಿದರು.

ಮರುದಿನ ಮಧ್ಯಾಹ್ನ ಬಾಗಿಲಲ್ಲಿ ಕೆಮ್ಮಿದ ಸದ್ದು. ನೋಡಿದರೆ ಸ್ವತಃ ದೊಡ್ಡಪ್ಪ, ಸೊರಗಿ ಅರ್ಧವಾಗಿದ್ದರು. ಕೈಯಲ್ಲಿ ಪಂಚಮಿ ಉಂಡಿ ತುಂಬಿದ ಡಬ್ಬಿ.

"ಖಾಲಿ ಕೊಡಬಾರದಲ್ಲಾ, ಅದಕ್ಕ ಬಂದೆ," ಎಂದರು, ಯಾರ ಮುಖವನ್ನೂ ನೋಡದೆ.

ಕಾಕಾ ಲಗುಬಗೆಯಿಂದ ಕುರ್ಚಿ ಎಳೆದು ಕೊಟ್ಟರು.

ದೊಡ್ಡಪ್ಪ ಅಂದರು: "ದವಾಖಾನ್ಯಾಗ ದಿನಾ ಬಾಗಲಾ ನೋಡತಿದ್ದೆ. ನೀ ಬರಲಿಲ್ಲ."

"ಬಂದಿದ್ದೆ ಅಣ್ಣಾ," ಎಂದರು ಕಾಕಾ. "ದಿನಾ ಬರತಿದ್ದೆ, ಗೇಟಿನ ತನಕಾ. ಹೊರಗ ಹಾಕ್ತಿ ಅಂತ ಅಂಜಿ ತಿರುಗಿ ಹೋಗತಿದ್ದೆ."

ನಮಗಾರಿಗೂ ಇದು ಗೊತ್ತಿರಲಿಲ್ಲ, ಚಿಗವ್ವನಿಗೂ. ದೊಡ್ಡಪ್ಪ ಉಂಡಿ ಮುರಿದು ಅರ್ಧವನ್ನು ಕಾಕಾನ ಬಾಯಿಗಿಟ್ಟರು.

"ಹುಚ್ಚಪ್ಯಾಲಿ! ನನ್ನ ತಮ್ಮನ್ನ ನಾ ಯಾಕ ಹೊರಗ ಹಾಕಲಿ?"